ಸಂಜ್ಞಾಭಾಷೆ ಪಠ್ಯಕ್ಕೆ ಬಂತು, ಅದರಲ್ಲಿ ಪಾಠ ಮಾಡುವ ಶಿಕ್ಷಕರು ಎಲ್ಲಿದ್ದಾರೆ?

ಕಿವುಡ ಮಕ್ಕಳ ಶಿಕ್ಷಣದ ಬಗ್ಗೆ ಇತ್ತೀಚೆಗೆ ಬಂದ ಸುದ್ದಿಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಯಾರಿಗಾದರೂ ಗೊಂದಲವಾಗುತ್ತದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಭಾರತೀಯ ಸಂಜ್ಞಾಭಾಷೆಗೆ ದೇಶದಾದ್ಯಂತ ಒಂದು ಪ್ರಮಾಣಿತ ರೂಪ ಕೊಡುತ್ತೇವೆ ಎಂದಿತು. 2021ರಲ್ಲಿ ಅದಕ್ಕೆ ಶಾಲೆಯ ಭಾಷಾ ವಿಷಯದ ಸ್ಥಾನ ಸಿಕ್ಕಿತು. 2024ರ ಡಿಸೆಂಬರ್‌ನಲ್ಲಿ ಪಿಎಂ ಇ-ವಿದ್ಯಾ ಯೋಜನೆಯ 31ನೇ ಟೀವಿ ಚಾನೆಲ್ ಸಂಜ್ಞಾಭಾಷೆಗೆಂದೇ ಶುರುವಾಯಿತು. 2025ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್, ವಿಶೇಷ ಶಿಕ್ಷಕರ (ಅಂಗವಿಕಲ ಮಕ್ಕಳಿಗೆ ಕಲಿಸಲು ತರಬೇತಿ ಪಡೆದವರ) ಹುದ್ದೆಗಳು ಎಷ್ಟು ಬೇಕು ಅಂತ ಲೆಕ್ಕ ಹಾಕಿ ಅಧಿಸೂಚನೆ ಹೊರಡಿಸಿ ಎಂದು ಎಲ್ಲ ರಾಜ್ಯಗಳಿಗೂ ಹೇಳಿತು. ಇನ್ನೊಂದು ಕಡೆ ಸರ್ಕಾರದ ದುಡ್ಡಿನಲ್ಲೇ ಪುಟ್ಟ ಮಕ್ಕಳಿಗೆ ಕಾಕ್ಲಿಯರ್ ಇಂಪ್ಲಾಂಟ್, ಅಂದರೆ ಸದ್ದನ್ನು ನೇರವಾಗಿ ಶ್ರವಣ ನರಕ್ಕೆ ತಲುಪಿಸುವ ಸಾಧನವನ್ನು ಕಿವಿಯೊಳಗೆ ಕೂರಿಸುವ ಶಸ್ತ್ರಚಿಕಿತ್ಸೆಯೂ ನಡೆಯುತ್ತಿದೆ.

ಓದುಗರು ಕೇಳುವ ಪ್ರಶ್ನೆಗಳು ಸಹಜವಾದವೇ. ಶಸ್ತ್ರಚಿಕಿತ್ಸೆಯಿಂದ ಕಿವಿ ಕೇಳಿಸುವುದಾದರೆ ಸಂಜ್ಞಾಭಾಷೆ ಯಾಕೆ ಬೇಕು? ನಿಘಂಟು, ವಿಡಿಯೊ, ಚಾನೆಲ್ ಎಲ್ಲ ಇರುವಾಗ ಶಿಕ್ಷಕರಿಗೆ ಬೇರೆ ತರಬೇತಿ ಯಾಕೆ? ವಿಶೇಷ ಬಿ.ಎಡ್. ಮಾಡಿದವರು ಈಗಾಗಲೇ ಇದ್ದಾರಲ್ವಾ?

ಉತ್ತರ ತಿಳಿಯಬೇಕಾದರೆ ಶಾಲೆಗಿಂತ ಮೊದಲಿನ ವರ್ಷಗಳಿಂದ ಶುರು ಮಾಡಬೇಕು.

ಮೊದಲ ಐದು ವರ್ಷದಲ್ಲಿ ಏನಾಗುತ್ತದೆ

ಕಿವಿ ಕೇಳುವ ಮಗುವಿಗೆ ಯಾರೂ ಕೂತು ಭಾಷೆ ಕಲಿಸುವುದಿಲ್ಲ. ಅಡುಗೆಮನೆಯ ಮಾತು, ಜಗಳ, ಜೋಗುಳ, ಫೋನಿನ ಹರಟೆ ಎಲ್ಲವೂ ಅದರ ಕಿವಿಗೆ ಬೀಳುತ್ತಿರುತ್ತವೆ. ಒಂದನೇ ತರಗತಿಗೆ ಬರುವ ಹೊತ್ತಿಗೆ ಆ ಮಗು ಸಾವಿರಾರು ಪದ ಬಲ್ಲದು, ಮನೆಮಾತಿನ ವ್ಯಾಕರಣ ಬಲ್ಲದು, ‘ಯಾಕೆ’ ಅಂತ ಕೇಳಬಲ್ಲದು. ಶಾಲೆ ಶುರುವಾಗುವುದೇ ಈ ಬಂಡವಾಳದ ಮೇಲೆ.

ಕಿವುಡ ಮಗುವಿಗೆ ಈ ಬಂಡವಾಳ ತಾನಾಗಿ ಸಿಗುವುದು ಒಂದೇ ಸಂದರ್ಭದಲ್ಲಿ: ಮನೆಯವರೂ ಸಂಜ್ಞಾಭಾಷೆ ಬಳಸುವವರಾಗಿದ್ದರೆ. ಅಂಥ ಮನೆ ತೀರಾ ಅಪರೂಪ. ಅಮೆರಿಕದ ಅಂಕಿಅಂಶಗಳ ಪ್ರಕಾರ 100ರಲ್ಲಿ 90ಕ್ಕೂ ಹೆಚ್ಚು ಕಿವುಡ ಮಕ್ಕಳ ಅಪ್ಪ ಅಮ್ಮನಿಗೆ ಕಿವಿ ಚೆನ್ನಾಗಿ ಕೇಳುತ್ತದೆ. ಅವರಿಗೆ ಸಂಜ್ಞಾಭಾಷೆ ಗೊತ್ತಿರುವುದಿಲ್ಲ. ಮಗುವಿಗೆ ಅವರ ಮಾತು ಕೇಳಿಸುವುದಿಲ್ಲ. ಮನೆಯೊಳಗೆ ಊಟ, ನೀರು, ಬಾ, ಹೋಗು ಅನ್ನುವಷ್ಟು ಮನೆಸನ್ನೆಗಳು ಹುಟ್ಟಿಕೊಳ್ಳುತ್ತವೆ. ಪ್ರೀತಿ ತೋರಿಸಲು ಅವು ಸಾಕು. ನಾಳೆಯ ಬಗ್ಗೆ ಮಾತಾಡಲು, ಕಥೆ ಹೇಳಲು, ಭಯವಾದಾಗ ಕಾರಣ ವಿವರಿಸಲು ಸಾಕಾಗುವುದಿಲ್ಲ.

ಮಿದುಳು ಮೊದಲ ಭಾಷೆಯನ್ನು ಸಲೀಸಾಗಿ ಕಟ್ಟಿಕೊಳ್ಳುವುದು ಈ ಮೊದಲ ಕೆಲವು ವರ್ಷಗಳಲ್ಲೇ. ಆ ಭಾಷೆ ಬಾಯಿಂದ ಬಂದರೂ ಸರಿ, ಕೈಯಿಂದ ಬಂದರೂ ಸರಿ. ಆದರೆ ಯಾವುದಾದರೂ ಒಂದು ಭಾಷೆ ಪೂರ್ತಿಯಾಗಿ ಸಿಗಬೇಕು. ಸಿಗದೆ ಹೋದರೆ ಮುಂದಿನ ಎಲ್ಲ ಕಲಿಕೆಗೂ ಪೆಟ್ಟು ಬೀಳುತ್ತದೆ. ಆರು ವರ್ಷಕ್ಕೆ ಯಾವ ಭಾಷೆಯೂ ಇಲ್ಲದೆ ಶಾಲೆಗೆ ಬಂದ ಮಗು, ಓದಲು ಕಲಿಯುವುದರ ಜೊತೆಗೆ ಭಾಷೆ ಎಂದರೇನು ಎಂಬುದನ್ನೂ ಅಲ್ಲೇ ಕಲಿಯಬೇಕು. ಅದನ್ನು ಕಲಿಸುವ ಹೊಣೆ ಶಿಕ್ಷಕರ ಮೇಲೆ ಬೀಳುತ್ತದೆ. 2011ರ ಜನಗಣತಿ ಶ್ರವಣದೋಷ ಇರುವವರು ದೇಶದಲ್ಲಿ ಸುಮಾರು 50 ಲಕ್ಷ ಎಂದು ಲೆಕ್ಕ ಹಾಕಿತ್ತು. ಹಾಗಾಗಿ ಇದನ್ನು ಬೆರಳೆಣಿಕೆಯ ಮನೆಗಳ ಕಷ್ಟ ಅಂತ ಪಕ್ಕಕ್ಕಿಡಲು ಆಗುವುದಿಲ್ಲ.

ತುಟಿ ನೋಡಿ ಎಷ್ಟು ತಿಳಿಯಬಹುದು?

ತುಟಿ ನೋಡಿ ಅರ್ಥ ಮಾಡಿಕೊಳ್ಳಲು ಕಲಿಸಿದರೆ ಸಾಕಲ್ವಾ ಎಂದು ತುಂಬಾ ಜನ ಕೇಳುತ್ತಾರೆ. ಕನ್ನಡದಲ್ಲೇ ಪರೀಕ್ಷೆ ಮಾಡಿ ನೋಡಬಹುದು. ಕನ್ನಡಿ ಮುಂದೆ ನಿಂತು, ದನಿ ಹೊರಡಿಸದೆ ‘ಪರ’, ‘ಬರ’, ‘ಮರ’ ಎಂದು ಹೇಳಿ. ಮೂರಕ್ಕೂ ತುಟಿಯ ಚಲನೆ ಒಂದೇ. ‘ಕ’ ಮತ್ತು ‘ಗ’ ಗಂಟಲ ಹತ್ತಿರ ಹುಟ್ಟುವ ಸದ್ದುಗಳು, ಹೊರಗೆ ಕಾಣಿಸುವುದೇ ಇಲ್ಲ. ‘ತ’, ‘ದ’, ‘ನ’ ಮೂರರಲ್ಲೂ ನಾಲಿಗೆ ಹಲ್ಲಿನ ಹಿಂದೆ ಒಂದೇ ಕಡೆ ತಾಗುತ್ತದೆ.

ಇನ್ನು ನಮ್ಮ ಭಾಷೆಯಲ್ಲಿ ಅರ್ಥದ ಅರ್ಧ ಭಾರ ಪದದ ಬಾಲದಲ್ಲಿರುತ್ತದೆ. ‘ಅನ್ನು’, ‘ಇಗೆ’, ‘ಇಂದ’, ‘ಅಲ್ಲಿ’, ಕ್ರಿಯಾಪದದ ಕೊನೆಯ ‘ಳು’, ‘ರು’ ಎಲ್ಲವೂ ಮಾತಿನ ವೇಗದಲ್ಲಿ ತೇಲಿ ಹೋಗುತ್ತವೆ. ಕನ್ನಡ ಚೆನ್ನಾಗಿ ಬಲ್ಲ ದೊಡ್ಡವರು ಸಂದರ್ಭದಿಂದ ಊಹಿಸಿ ಖಾಲಿ ಜಾಗ ತುಂಬಿಕೊಳ್ಳುತ್ತಾರೆ. ಹಾಗೆ ಊಹಿಸಬೇಕಾದರೆ ಭಾಷೆ ಮೊದಲೇ ಗೊತ್ತಿರಬೇಕು. ಭಾಷೆಯೇ ಗೊತ್ತಿಲ್ಲದ ಮಗುವಿಗೆ ತುಟಿ ನೋಡಿ ಭಾಷೆ ಕಲಿ ಎನ್ನುವುದು ಆಗದ ಕೆಲಸ.

ಈ ದಾರಿ ಹಿಡಿದದ್ದು ಹೇಗೆ

1880ರಲ್ಲಿ ಇಟಲಿಯ ಮಿಲಾನ್‌ನಲ್ಲಿ ಕಿವುಡರ ಶಿಕ್ಷಕರ ಅಂತರರಾಷ್ಟ್ರೀಯ ಸಮ್ಮೇಳನ ನಡೆಯಿತು. ಮಾತಿನ ಮೂಲಕವೇ ಕಲಿಸಬೇಕು, ಸನ್ನೆ ಬೇಡ ಎಂದು ಅಲ್ಲಿ ನಿರ್ಣಯವಾಯಿತು. ಸೇರಿದ್ದ 164 ಪ್ರತಿನಿಧಿಗಳಲ್ಲಿ ಕಿವುಡರು ಒಬ್ಬರೇ. ಅದಾದ ಮೇಲೆ ಒಂದು ದೇಶದ ನಂತರ ಇನ್ನೊಂದು ದೇಶದಲ್ಲಿ ಕಿವುಡ ಶಿಕ್ಷಕರು ಕೆಲಸ ಕಳೆದುಕೊಂಡರು. ಕೈ ಆಡಿಸಿದ ಮಕ್ಕಳಿಗೆ ಶಿಕ್ಷೆಯಾಯಿತು. ಮುಂಬೈಯಲ್ಲಿ ಕಿವುಡರ ಶಾಲೆ ಶುರುವಾಗಿದ್ದೂ ಅದೇ ದಶಕದಲ್ಲಿ. ಹೀಗಾಗಿ ಭಾರತದಲ್ಲಿ ಈ ಶಿಕ್ಷಣ ಬೆಳೆದದ್ದೇ ಮಾತಿನ ಪದ್ಧತಿಯ ನೆರಳಿನಲ್ಲಿ. ತರಗತಿಯಲ್ಲಿ ಬಾಯಿ ಪಾಠ ನಡೆಯಿತು. ಸಂಜ್ಞಾಭಾಷೆ ಹಾಸ್ಟೆಲ್‌ನಲ್ಲಿ, ಆಟದ ಮೈದಾನದಲ್ಲಿ, ದೊಡ್ಡ ಮಕ್ಕಳಿಂದ ಚಿಕ್ಕವರಿಗೆ ದಾಟುತ್ತಾ ಉಳಿಯಿತು.

ಬದಲಾವಣೆ ಬಂದದ್ದು ನಿಧಾನವಾಗಿ. 1960ರಲ್ಲಿ ಅಮೆರಿಕದ ವಿಲಿಯಂ ಸ್ಟೋಕೊ, ಸಂಜ್ಞಾಭಾಷೆಗೂ ತನ್ನದೇ ರಚನೆ ಇದೆ ಎಂದು ಭಾಷಾವಿಜ್ಞಾನದ ದಾರಿಯಲ್ಲಿ ತೋರಿಸಿದರು. ಸ್ವೀಡನ್ 1981ರಲ್ಲಿ ತನ್ನ ಸಂಜ್ಞಾಭಾಷೆಯನ್ನು ಕಿವುಡರ ಭಾಷೆಯೆಂದು ಒಪ್ಪಿತು. ಕಿವುಡ ಮಕ್ಕಳು ಸಂಜ್ಞಾಭಾಷೆ ಮತ್ತು ಬರಹದ ಸ್ವೀಡಿಷ್ ಎರಡರಲ್ಲೂ ಬೆಳೆಯಬೇಕೆಂದು ಶಾಲೆಗಳನ್ನು ಬದಲಾಯಿಸಿತು. ಕಿವುಡರ ಶಿಕ್ಷಣದ ಅದೇ ಅಂತರರಾಷ್ಟ್ರೀಯ ಸಮ್ಮೇಳನ 2010ರಲ್ಲಿ ವ್ಯಾಂಕೂವರ್‌ನಲ್ಲಿ ಸೇರಿದಾಗ ಮಿಲಾನಿನ ನಿರ್ಣಯಗಳನ್ನು ತಿರಸ್ಕರಿಸಿ ವಿಷಾದ ಹೇಳಿತು. ಅಷ್ಟು ಹೇಳಲು 130 ವರ್ಷ ಬೇಕಾಯಿತು.

ಭಾರತ 2007ರಲ್ಲಿ ಅಂಗವಿಕಲರ ಹಕ್ಕುಗಳ ವಿಶ್ವಸಂಸ್ಥೆಯ ಒಪ್ಪಂದಕ್ಕೆ ಸೇರಿತು. ಅದರ 24ನೇ ವಿಧಿಯಲ್ಲಿ ಸಂಜ್ಞಾಭಾಷೆ ಕಲಿಯಲು ಅನುಕೂಲ ಮಾಡಿಕೊಡಬೇಕು, ಸಂಜ್ಞಾಭಾಷೆ ಬಲ್ಲ ಶಿಕ್ಷಕರನ್ನು, ಅಂಗವಿಕಲ ಶಿಕ್ಷಕರನ್ನೂ ಸೇರಿಸಿ, ನೇಮಿಸಬೇಕು ಎಂದಿದೆ. ನಮ್ಮ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 16 ಮತ್ತು 17ನೇ ಸೆಕ್ಷನ್‌ಗಳಲ್ಲೂ ಇದೇ ಮಾತು ಬಂದಿದೆ. ಕಾನೂನಿನ ಮಟ್ಟದಲ್ಲಿ ವಾದ ಮುಗಿದಂತೆಯೇ. ತರಗತಿಯಲ್ಲಿ ಇನ್ನೂ ಮುಗಿದಿಲ್ಲ.

ಎರಡು ಭಾಷೆಯಲ್ಲಿ ಪಾಠ ಎಂದರೆ

ದ್ವಿಭಾಷಾ ಶಿಕ್ಷಣದ ಲೆಕ್ಕ ಸರಳ. ಮಗು ನೋಡಿ ಸಲೀಸಾಗಿ ಕಲಿಯಬಲ್ಲ ಸಂಜ್ಞಾಭಾಷೆ ಮೊದಲ ಭಾಷೆ. ಯೋಚನೆ, ಚರ್ಚೆ, ಪಾಠದ ವಿವರಣೆ ಎಲ್ಲ ಅದರಲ್ಲಿ. ಊರಿನ ಭಾಷೆ, ನಮ್ಮಲ್ಲಿ ಕನ್ನಡ, ಎರಡನೆಯದು. ಅದನ್ನು ಮುಖ್ಯವಾಗಿ ಓದು ಬರಹದ ಮೂಲಕ ಕಲಿಸುತ್ತಾರೆ. ಮಾತಾಡಲು ಸಾಧ್ಯವಿರುವ ಮಕ್ಕಳಿಗೆ ಮಾತಿನ ಅಭ್ಯಾಸವೂ ಇರುತ್ತದೆ. ಮೊದಲ ಭಾಷೆ ಗಟ್ಟಿಯಾಗಿದ್ದರೆ ಅದರ ಬಲ ಎರಡನೇ ಭಾಷೆಗೂ ಬರುತ್ತದೆ ಎನ್ನುವುದು ಇದರ ಹಿಂದಿನ ನಂಬಿಕೆ. ಇದಕ್ಕೆ ಆಧಾರವೂ ಇದೆ. ಕಿವುಡ ತಂದೆತಾಯಿಯ ಮನೆಯಲ್ಲಿ ಹುಟ್ಟಿನಿಂದಲೇ ಸಂಜ್ಞೆ ಕಲಿತ ಕಿವುಡ ಮಕ್ಕಳು ಓದಿನಲ್ಲಿ ಬೇರೆ ಕಿವುಡ ಮಕ್ಕಳಿಗಿಂತ ಮುಂದಿರುತ್ತಾರೆ ಎಂಬುದನ್ನು 1960ರ ದಶಕದಿಂದಲೇ ಅಧ್ಯಯನಗಳು ತೋರಿಸುತ್ತಾ ಬಂದಿವೆ.

ಇದು ತರಗತಿಯಲ್ಲಿ ಹೇಗಿರುತ್ತದೆ? ಕಪ್ಪುಹಲಗೆಯ ಮೇಲೆ ಎರಡು ವಾಕ್ಯ ಇವೆ ಅಂದುಕೊಳ್ಳಿ.

ರವಿ ಗೀತಾಗೆ ಪುಸ್ತಕ ಕೊಟ್ಟ.
ರವಿಗೆ ಗೀತಾ ಪುಸ್ತಕ ಕೊಟ್ಟಳು.

ಕಿವಿಯಿಂದ ಕನ್ನಡ ಕಲಿತ ಮಗುವಿಗೆ ವ್ಯತ್ಯಾಸ ತಟ್ಟನೆ ಗೊತ್ತಾಗುತ್ತದೆ. ಕಿವುಡ ಮಗುವಿನ ಕಣ್ಣಿಗೆ ಎರಡೂ ಹೆಚ್ಚುಕಮ್ಮಿ ಒಂದೇ. ರವಿ, ಗೀತಾ, ಪುಸ್ತಕ, ಕೊಡುವುದು, ಎಲ್ಲ ಅದೇ ಸಾಲಿನಲ್ಲಿವೆ. ಒಂದು ‘ಗೆ’ ಜಾಗ ಬದಲಾಯಿಸಿದೆ, ಕೊನೆಯಲ್ಲಿ ಒಂದು ‘ಳು’ ಬಂದಿದೆ. ಹತ್ತು ಸಲ ನಕಲು ಮಾಡಿಸಿದರೂ ಈ ವ್ಯತ್ಯಾಸ ಮಗುವಿಗೆ ಹೊಳೆಯುವುದಿಲ್ಲ.

ಸಂಜ್ಞಾಭಾಷೆಯಲ್ಲಿ ಇದೇ ಅರ್ಥ ಜಾಗದಿಂದ ಹೊರಡುತ್ತದೆ. ಟೀಚರ್ ತಮ್ಮ ಎಡಕ್ಕೆ ರವಿಯನ್ನು, ಬಲಕ್ಕೆ ಗೀತಾಳನ್ನು ಇಡುತ್ತಾರೆ. ‘ಕೊಡು’ ಎಂಬ ಸಂಜ್ಞೆ ಎಡದಿಂದ ಬಲಕ್ಕೆ ಹೋದರೆ ಕೊಟ್ಟವನು ರವಿ. ಬಲದಿಂದ ಎಡಕ್ಕೆ ಬಂದರೆ ಕೊಟ್ಟವಳು ಗೀತಾ. ಮಗುವಿಗೆ ಇದು ಮೊದಲೇ ಗೊತ್ತು. ಈಗ ಟೀಚರ್ ಒಂದು ಸಂಜ್ಞೆ ಮಾಡಿ ಹಲಗೆಯ ಮೇಲಿನ ‘ಗೆ’ ತೋರಿಸುತ್ತಾರೆ, ದಿಕ್ಕು ತಿರುಗಿಸಿ ಇನ್ನೊಂದು ‘ಗೆ’ ತೋರಿಸುತ್ತಾರೆ. ಕೈ ಯಾರ ಕಡೆ ಹೋಗಿ ನಿಲ್ಲುತ್ತದೋ ಅವರ ಹೆಸರಿಗೆ ‘ಗೆ’ ಅಂಟುತ್ತದೆ. ಮಗು ಆಗ ಒಂದು ನಿಯಮವನ್ನು ತಾನೇ ಕಂಡುಕೊಳ್ಳುತ್ತದೆ. ನಾಳೆ ಹೊಸ ವಾಕ್ಯ ಬಂದರೂ ಅದನ್ನು ಬಳಸುತ್ತದೆ.

ಇಷ್ಟು ಮಾಡಬೇಕಾದರೆ ಟೀಚರ್‌ಗೆ ಎರಡೂ ವ್ಯಾಕರಣ ಗೊತ್ತಿರಬೇಕು. ಕನ್ನಡ ಮಾತಾಡುತ್ತಾ ಪ್ರತಿ ಪದಕ್ಕೂ ಒಂದೊಂದು ಸನ್ನೆ ಹಾಕುತ್ತಾ ಹೋಗುವುದು ನಮ್ಮ ಶಾಲೆಗಳಲ್ಲಿ ತುಂಬಾ ಬಳಕೆಯಲ್ಲಿದೆ. ಅದರಲ್ಲಿ ಈ ಪಾಠ ಮಾಡಲು ಆಗುವುದಿಲ್ಲ. ಅಲ್ಲಿ ಕನ್ನಡದ ವಿಭಕ್ತಿಯೂ ಪೂರ್ತಿ ಕಾಣುವುದಿಲ್ಲ, ಸಂಜ್ಞಾಭಾಷೆಯ ಜಾಗ, ದಿಕ್ಕು, ಹುಬ್ಬು, ಮುಖಭಾವದ ವ್ಯಾಕರಣವೂ ಉಳಿಯುವುದಿಲ್ಲ. ಭಾರತೀಯ ಸಂಜ್ಞಾಭಾಷೆಯಲ್ಲಿ ‘ಏನು’, ‘ಯಾರು’ ಮುಂತಾದ ಪ್ರಶ್ನೆಪದ ವಾಕ್ಯದ ಕೊನೆಗೆ ಬರುತ್ತದೆ. ಹೌದು-ಅಲ್ಲ ಉತ್ತರದ ಪ್ರಶ್ನೆಗೆ ಹುಬ್ಬು ಏರುತ್ತದೆ. ಬಾಯಲ್ಲಿ ಕನ್ನಡ ನಡೆಯುತ್ತಿರುವಾಗ ಕೈಗೆ, ಮುಖಕ್ಕೆ ಇದನ್ನೆಲ್ಲ ಪಾಲಿಸಲು ಪುರುಸೊತ್ತು ಸಿಗುವುದಿಲ್ಲ.

ಕನ್ನಡಕ್ಕೇ ಸೇರಿದ ಇನ್ನೊಂದು ತೊಡಕಿದೆ. ಪದದ ಒಂದೊಂದೇ ಅಕ್ಷರವನ್ನು ಬೆರಳಲ್ಲಿ ತೋರಿಸುವುದಕ್ಕೆ ಬೆರಳಕ್ಷರ ಎನ್ನುತ್ತಾರೆ. ಹೆಚ್ಚು ಬಳಕೆಯಲ್ಲಿರುವ ಬೆರಳಕ್ಷರ ಎರಡು ಕೈಯಲ್ಲಿ ತೋರಿಸುವ ಇಂಗ್ಲಿಷ್ ಎ, ಬಿ, ಸಿ. ಸಂಜ್ಞೆಯಿಂದ ಬರಹಕ್ಕೆ ದಾಟಲು ಬೆರಳಕ್ಷರ ಒಳ್ಳೆಯ ಸೇತುವೆ. ಆದರೆ ಕಾಗುಣಿತ, ಒತ್ತಕ್ಷರ ಇರುವ ಕನ್ನಡಕ್ಕೆ ಈ ಸೇತುವೆ ಹೊಂದುವುದಿಲ್ಲ. ಕನ್ನಡ ಮಾಧ್ಯಮದ ಟೀಚರ್ ಸಂಜ್ಞೆ, ಚಿತ್ರ, ಬರೆದ ಪದ ಇವನ್ನು ನೇರವಾಗಿ ಜೋಡಿಸುವ ವಿಧಾನ ಕಲಿಯಬೇಕು. ದೆಹಲಿಯಲ್ಲಿ ತಯಾರಾದ ತರಬೇತಿ ಪುಸ್ತಕವನ್ನು ಸುಮ್ನೆ ಅನುವಾದ ಮಾಡಿದರೆ ಇದು ಬರುವುದಿಲ್ಲ. ಇಲ್ಲಿಯೇ, ಕನ್ನಡಕ್ಕಾಗಿಯೇ ಕೂತು ಮಾಡಬೇಕು.

ಇಂಪ್ಲಾಂಟ್ ಬಂದ ಮೇಲೂ ಸಂಜ್ಞೆ ಬೇಕೇ?

ಎದುರು ವಾದವನ್ನೂ ಸರಿಯಾಗಿ ಕೇಳಿಸಿಕೊಳ್ಳಬೇಕು. ಎಳವೆಯಲ್ಲೇ ಇಂಪ್ಲಾಂಟ್ ಹಾಕಿಸಿ, ವರ್ಷಗಟ್ಟಲೆ ಶ್ರವಣ ತರಬೇತಿ ಕೊಟ್ಟರೆ ಎಷ್ಟೋ ಮಕ್ಕಳು ಚೆನ್ನಾಗಿ ಮಾತಾಡುತ್ತಾರೆ, ಪಕ್ಕದ ಮನೆಯ ಮಕ್ಕಳ ಜೊತೆ ಅದೇ ಶಾಲೆಗೆ ಹೋಗುತ್ತಾರೆ. ಇದು ನಿಜ. ಸಂಜ್ಞೆ ಸುಲಭ, ಮಗು ಅದಕ್ಕೆ ಒಗ್ಗಿಕೊಂಡರೆ ಕಿವಿ ಬಳಸುವ ಶ್ರಮ ಬಿಡುತ್ತದೆ ಎಂಬುದು ಈ ಪದ್ಧತಿಯವರ ಆತಂಕ. 2017ರಲ್ಲಿ ಅಮೆರಿಕದ ಒಂದು ಅಧ್ಯಯನ ಈ ಆತಂಕಕ್ಕೆ ಬಲ ಕೊಟ್ಟಿತು. ಇಂಪ್ಲಾಂಟ್ ಆದ ಮಕ್ಕಳಲ್ಲಿ, ಮನೆಯಲ್ಲಿ ಸಂಜ್ಞೆ ಬಳಸದವರ ಮಾತು, ಓದು ಚೆನ್ನಾಗಿತ್ತು ಎಂದು ಅದು ಹೇಳಿತು.

ಅದಕ್ಕೆ ಬಂದ ಪ್ರತಿವಾದವೂ ಗಟ್ಟಿಯಾಗಿದೆ. ಆ ಮನೆಗಳಲ್ಲಿ ಸಂಜ್ಞೆ ಬಳಸುತ್ತಿದ್ದವರು ಕಿವಿ ಕೇಳುವ ತಂದೆತಾಯಿ. ಅವರೇ ಆಗಷ್ಟೇ ಕಲಿಯುತ್ತಿದ್ದವರು. ಮಗುವಿಗೆ ಸಿಕ್ಕಿದ್ದು ಪೂರ್ತಿ ಭಾಷೆಯೇ ಅಲ್ಲ. ಕಿವುಡ ತಂದೆತಾಯಿಯ ಮನೆಯಲ್ಲಿ ಸಂಜ್ಞಾಭಾಷೆಯಲ್ಲೇ ಬೆಳೆದು ಇಂಪ್ಲಾಂಟ್ ಹಾಕಿಸಿಕೊಂಡ ಮಕ್ಕಳನ್ನು ನೋಡಿದಾಗ ಅವರ ಮಾತಿಗೆ ಸಂಜ್ಞೆಯಿಂದ ಹಾನಿಯಾದದ್ದು ಕಾಣಲಿಲ್ಲ. ಇಂಥ ಮಕ್ಕಳ ಸಂಖ್ಯೆ ಚಿಕ್ಕದು ಎನ್ನುವುದನ್ನೂ ಹೇಳಬೇಕು. ಆದರೂ ಒಂದು ವಿಷಯ ಸ್ಪಷ್ಟವಾಗುತ್ತದೆ. ತೊಂದರೆ ಇದ್ದರೆ ಅದು ಅರೆಬರೆ ಸಂಜ್ಞೆಯಲ್ಲಿದೆ.

ನಮ್ಮ ಪರಿಸ್ಥಿತಿಯಲ್ಲಿ ಇನ್ನೂ ಕೆಲವು ಪ್ರಶ್ನೆಗಳಿವೆ. ಕಿವುಡುತನ ಎರಡು, ಮೂರು ವರ್ಷವಾದ ಮೇಲೆ ಪತ್ತೆಯಾಗುವುದು ಇಲ್ಲಿ ಸಾಮಾನ್ಯ. ಅಂಗವಿಕಲರಿಗೆ ಸಾಧನ ಕೊಡಿಸುವ ಕೇಂದ್ರದ ಅಡಿಪ್ ಯೋಜನೆಯಡಿ ಶಸ್ತ್ರಚಿಕಿತ್ಸೆ ಉಚಿತವಾಗಿ ಆಗಬಹುದು. ಆಮೇಲೆ ವಾರ ವಾರ ಥೆರಪಿಗೆ ಓಡಾಡಬೇಕು, ಬ್ಯಾಟರಿ, ಕೇಬಲ್, ಹೊರಗಿನ ಯಂತ್ರದ ರಿಪೇರಿಗೆ ದುಡ್ಡು ಹೊಂದಿಸಬೇಕು. ದೂರದ ಹಳ್ಳಿಯ ಕೂಲಿ ಮಾಡುವ ಮನೆಯಲ್ಲಿ ಯಂತ್ರ ಕೆಟ್ಟು ಕೂತರೆ ಮಗುವಿನ ಭಾಷೆಯೂ ಅಲ್ಲಿಗೆ ನಿಲ್ಲುತ್ತದೆ. ಇಂಪ್ಲಾಂಟ್ ಯಶಸ್ವಿಯಾಯಿತೋ ಇಲ್ಲವೋ ಎಂದು ಗೊತ್ತಾಗಲು ಎರಡು ಮೂರು ವರ್ಷ ಬೇಕು. ಯಶಸ್ವಿಯಾಗದಿದ್ದರೆ ಭಾಷೆ ಕಲಿಯುವ ಒಳ್ಳೆಯ ವಯಸ್ಸು ಅಷ್ಟರಲ್ಲಿ ಮುಗಿಯುತ್ತಾ ಬಂದಿರುತ್ತದೆ. ಆದ್ದರಿಂದ ಇಂಪ್ಲಾಂಟ್ ಹಾಕಿಸಿದರೂ ಜೊತೆಗೆ ಸಂಜ್ಞೆ ಕೊಡುವುದೇ ಮಗುವಿಗೆ ಸುರಕ್ಷಿತ. ನನ್ನ ಅಭಿಪ್ರಾಯದಲ್ಲಿ ಇಲ್ಲಿ ಒಂದನ್ನು ಬಿಟ್ಟು ಒಂದನ್ನು ಆರಿಸಿ ಎಂದು ತಂದೆತಾಯಿಯನ್ನು ಒತ್ತಾಯಿಸುವುದೇ ತಪ್ಪು.

ಯಾವ ಊರಿನ ಸಂಜ್ಞೆ?

ಪ್ರಮಾಣೀಕರಣದ ಬಗ್ಗೆಯೂ ತಕರಾರಿದೆ. 1970ರ ದಶಕದಲ್ಲಿ ಸಂಶೋಧಕ ಮದನ್ ವಸಿಷ್ಠ ಮತ್ತು ಜೊತೆಗಾರರು ದೆಹಲಿ, ಕೋಲ್ಕತ್ತಾ, ಮುಂಬೈ, ಬೆಂಗಳೂರಿನ ಸಂಜ್ಞೆಗಳನ್ನು ಹೋಲಿಸಿ ನೋಡಿದರು. ಸುಮಾರು ಮುಕ್ಕಾಲು ಪಾಲು ಸಂಜ್ಞೆಗಳು ಒಂದಕ್ಕೊಂದು ನೆಂಟಸ್ತಿಕೆ ಇರುವವೇ ಎಂದು ಅವರು ಕಂಡುಕೊಂಡರು. ಅಂದರೆ ಭಾಷೆ ಒಂದೇ, ಪದಗಳಲ್ಲಿ ಊರಿಂದೂರಿಗೆ ವ್ಯತ್ಯಾಸ. ಧಾರವಾಡ, ಮಂಗಳೂರು, ಮೈಸೂರಿನ ಕನ್ನಡ ಬೇರೆಬೇರೆಯಾಗಿದ್ದರೂ ಕನ್ನಡವೇ ಆಗಿರುವ ಹಾಗೆ.

2015ರಲ್ಲಿ ದೆಹಲಿಯಲ್ಲಿ ಶುರುವಾದ ಭಾರತೀಯ ಸಂಜ್ಞಾಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರ 2018ರಲ್ಲಿ 3,000 ಪದಗಳ ನಿಘಂಟು ತಂದಿತು. 2021ರ ಹೊತ್ತಿಗೆ ಅದು 10,000 ಪದಗಳಿಗೆ ಬೆಳೆಯಿತು. ಪಠ್ಯಪುಸ್ತಕಗಳನ್ನು ಸಂಜ್ಞಾಭಾಷೆಗೆ ತರಲು 2020ರಲ್ಲಿ ಎನ್‌ಸಿಇಆರ್‌ಟಿ ಜೊತೆ ಒಪ್ಪಂದವೂ ಆಯಿತು. ವಿಜ್ಞಾನ, ಗಣಿತದ ಪದಗಳಿಗೆ ಒಂದು ಸಾಮಾನ್ಯ ಸಂಜ್ಞೆ ಇದ್ದರೆ ಪರೀಕ್ಷೆಗೆ, ಕಾಲೇಜಿಗೆ ನಿಜವಾಗಿಯೂ ಅನುಕೂಲ. ಊರಿನ ಸಂಜ್ಞೆಗಳಿಗೂ ಗೌರವ ಕೊಡಬೇಕು, ಸಾಧ್ಯವಿರುವಲ್ಲಿ ಕಲಿಸಬೇಕು ಎಂದು ಶಿಕ್ಷಣ ನೀತಿಯಲ್ಲೇ ಬರೆದಿದೆ. ಆದರೆ ತರಬೇತಿಯಲ್ಲಿ ನಿಘಂಟನ್ನಷ್ಟೇ ಕಲಿತ ಟೀಚರ್, ಮಗು ಮಾಡುವ ಸ್ಥಳೀಯ ಸಂಜ್ಞೆಯನ್ನು ‘ತಪ್ಪು’ ಎಂದು ತಿದ್ದಲು ಹೊರಟರೆ ಮಗು ಕೈ ಕಟ್ಟಿ ಕೂರುತ್ತದೆ. ಆ ಊರಿನ ಕಿವುಡ ಹಿರಿಯರ ಜೊತೆ ಒಡನಾಡಿದ ಟೀಚರ್‌ಗೆ ಈ ತೊಂದರೆ ಬರುವುದಿಲ್ಲ.

ಗಂಟು ಬಿದ್ದಿರುವುದು ತರಬೇತಿಯಲ್ಲಿ

ವಿಶೇಷ ಶಿಕ್ಷಕರ ಕೋರ್ಸುಗಳನ್ನು ನಿಯಂತ್ರಿಸುವುದು 1992ರ ಕಾಯ್ದೆಯಡಿ ಬಂದ ಭಾರತೀಯ ಪುನರ್ವಸತಿ ಪರಿಷತ್ತು. ಅಲ್ಲಿ ನೋಂದಣಿಯಾಗಲು ಬೇಕಾದದ್ದು ಮಾನ್ಯತೆ ಇರುವ ಕೋರ್ಸಿನ ಪ್ರಮಾಣಪತ್ರ. ಶ್ರವಣದೋಷ ವಿಭಾಗದ ಡಿ.ಎಡ್., ಬಿ.ಎಡ್. ಕೋರ್ಸುಗಳಲ್ಲಿ ಕಿವಿಯ ರಚನೆ, ಆಡಿಯೊಗ್ರಾಂ ಓದುವುದು, ಶ್ರವಣ ಸಾಧನ, ಮಾತಿನ ತರಬೇತಿ, ಜೊತೆಗೆ ಸಾಮಾನ್ಯ ಬೋಧನಾ ವಿಷಯಗಳು ಇರುತ್ತವೆ. ಇವೆಲ್ಲ ಬೇಕಾದವೇ. ಸಂಜ್ಞಾಭಾಷೆಗೆ ಸಿಗುವುದು ಇವುಗಳ ನಡುವೆ ಒಂದು ಸಣ್ಣ ಪಾಲು. ಈ ಕ್ಷೇತ್ರ ಬೆಳೆದು ಬಂದ ರೀತಿಯೇ ಹಾಗೆ. ಮೈಸೂರಿನಲ್ಲಿ 1965ರಲ್ಲಿ ಹುಟ್ಟಿದ ರಾಷ್ಟ್ರಮಟ್ಟದ ಸಂಸ್ಥೆಯ ಹೆಸರಿನಲ್ಲೂ ವಾಕ್ ಮತ್ತು ಶ್ರವಣ ಎರಡೇ ಇವೆ.

ಒಂದು ಹೋಲಿಕೆ ಮಾಡಿದರೆ ಅಂತರ ಕಾಣುತ್ತದೆ. ಸಂಜ್ಞಾಭಾಷೆಯ ದುಭಾಷಿ ಆಗಬೇಕಾದವರಿಗೆ ಎರಡು ವರ್ಷದ ಪೂರ್ಣಾವಧಿ ಡಿಪ್ಲೊಮಾ ಇದೆ. ಆ ಎರಡೂ ವರ್ಷ ಅವರ ಮುಖ್ಯ ಕೆಲಸ ಭಾಷೆ. ದುಭಾಷಿ ಮಾಡುವುದು ಬೇರೆಯವರ ಮಾತನ್ನು ದಾಟಿಸುವ ಕೆಲಸ. ಶಿಕ್ಷಕರು ಅದೇ ಭಾಷೆಯಲ್ಲಿ ಭಿನ್ನರಾಶಿ ವಿವರಿಸಬೇಕು, ಜಗಳ ಬಿಡಿಸಬೇಕು, ಕಥೆ ಹೇಳಬೇಕು, ಆರು ವರ್ಷದ ಮಗುವಿಗೆ ಮೊದಲ ಭಾಷೆಯನ್ನೇ ಕೊಡಬೇಕು. ಅವರಿಗೆ ಸಿಗುವ ಭಾಷಾ ತರಬೇತಿ ದುಭಾಷಿಗಿಂತ ಎಷ್ಟೋ ಕಡಿಮೆ.

ಪರಿಣಾಮ ತರಗತಿಯಲ್ಲಿ ಕಾಣುತ್ತದೆ. ಬಣ್ಣ, ಹಣ್ಣು, ಪ್ರಾಣಿ, ಸಂಖ್ಯೆ, ನಮಸ್ಕಾರದ ಸಂಜ್ಞೆಗಳು ಟೀಚರ್‌ಗೆ ಬರುತ್ತವೆ. ಮಗು ‘ಮಳೆ ಯಾಕೆ ಬರುತ್ತೆ’ ಎಂದು ಕೇಳಿದರೆ ಕೈ ನಿಂತುಹೋಗುತ್ತದೆ. ಪಾಠ ಹಲಗೆಯ ಮೇಲೆ ಹೋಗುತ್ತದೆ, ಮಕ್ಕಳು ನಕಲು ಮಾಡುತ್ತಾರೆ. ನೋಟ್‌ಬುಕ್ ಅಚ್ಚುಕಟ್ಟಾಗಿರುತ್ತದೆ. ಅದರಲ್ಲಿರುವ ವಾಕ್ಯದ ಅರ್ಥ ಮಗುವಿಗೆ ಗೊತ್ತಿರುವುದಿಲ್ಲ. ಇದಕ್ಕೆ ಆ ಶಿಕ್ಷಕರನ್ನು ದೂರುವುದು ಅನ್ಯಾಯ. ತಮಗೆ ಕಲಿಸಿದ್ದನ್ನು ಅವರು ನಿಷ್ಠೆಯಿಂದ ಮಾಡುತ್ತಿದ್ದಾರೆ.

ವಿಡಿಯೊ ಈ ಜಾಗ ತುಂಬುವುದಿಲ್ಲ. 31ನೇ ಚಾನೆಲ್‌ನ ಪಾಠ ಅರ್ಥವಾಗಬೇಕಾದರೆ ಮಗುವಿಗೆ ಮೊದಲು ಸಂಜ್ಞಾಭಾಷೆ ಬರಬೇಕು. ಟೀವಿ ನೋಡಿ ಯಾವ ಮಗುವೂ ಮೊದಲ ಭಾಷೆ ಕಲಿಯುವುದಿಲ್ಲ. ಎದುರಿಗಿರುವ ಮನುಷ್ಯರು ತನಗೆ ಉತ್ತರ ಕೊಟ್ಟಾಗ ಕಲಿಯುತ್ತದೆ. ಭಾಷೆ ಬಂದ ಮೇಲೆ ಅದೇ ಚಾನೆಲ್ ಬಹಳ ಉಪಯೋಗಕ್ಕೆ ಬರುತ್ತದೆ, ದೊಡ್ಡ ಮಕ್ಕಳಿಗೂ ಶಿಕ್ಷಕರಿಗೂ.

ಹಾಗಾದರೆ ಶಿಕ್ಷಕರಿಗೆ ಸಂಜ್ಞಾಭಾಷೆ ಕಲಿಸುವವರು ಯಾರು? ಅದು ತಾಯ್ನುಡಿಯ ಹಾಗೆ ಬರುವ ಕಿವುಡರೇ. ಇದಕ್ಕಾಗಿಯೇ ಕಿವುಡರಿಗೆ ಮೀಸಲಾದ ಎರಡು ವರ್ಷದ ಸಂಜ್ಞಾಭಾಷಾ ಬೋಧನಾ ಡಿಪ್ಲೊಮಾ ಶುರುವಾಗಿದೆ. ತುಂಬಾ ಒಳ್ಳೆಯ ಹೆಜ್ಜೆ. ಆದರೆ ಶಾಲೆಯ ವಿಶೇಷ ಶಿಕ್ಷಕರ ಹುದ್ದೆಗೆ ಕೇಳುವುದು ವಿಶೇಷ ಡಿ.ಎಡ್. ಅಥವಾ ಬಿ.ಎಡ್. ಬಿ.ಎಡ್. ಸೇರಬೇಕಾದರೆ ಪದವಿ ಬೇಕು. ಅರ್ಥವಾಗದ ತರಗತಿಗಳಲ್ಲಿ ಹತ್ತು ವರ್ಷ ಕೂತು ಬಂದ ಕಿವುಡ ಯುವಕ ಯುವತಿಯರಲ್ಲಿ ಪದವಿಯವರೆಗೆ ಹೋಗುವವರು ಕಡಿಮೆ. ಸಂಜ್ಞಾಭಾಷೆ ಬಲ್ಲ ಶಿಕ್ಷಕರಿಲ್ಲದ್ದರಿಂದ ಕಿವುಡ ಮಕ್ಕಳು ಮುಂದೆ ಓದುವುದಿಲ್ಲ. ಅವರು ಓದದ್ದರಿಂದ ಕಿವುಡ ಶಿಕ್ಷಕರು ಹುಟ್ಟುವುದಿಲ್ಲ. ಈ ಸುತ್ತು ತಾನಾಗಿ ಬಿಚ್ಚಿಕೊಳ್ಳುವುದಿಲ್ಲ. ಎಲ್ಲೋ ಒಂದು ಕಡೆ ನಿಯಮವನ್ನೇ ಬದಲಾಯಿಸಿ ಕತ್ತರಿಸಬೇಕು.

ಕತ್ತರಿಸಲು ಸುಲಭವಾದ ಜಾಗ ಇದು ಎಂದು ನನಗೆ ಅನ್ನಿಸುತ್ತದೆ: ಒಂದೇ ತರಗತಿಯಲ್ಲಿ ಇಬ್ಬರನ್ನು ಇಡುವುದು. ಬಿ.ಎಡ್. ಮಾಡಿದ ಶಿಕ್ಷಕರೊಬ್ಬರು, ಅವರ ಜೊತೆಗೆ ಬೋಧನಾ ಡಿಪ್ಲೊಮಾ ಮಾಡಿದ ಕಿವುಡ ಭಾಷಾ ಶಿಕ್ಷಕರೊಬ್ಬರು. ಇಬ್ಬರಿಗೂ ಸರಿಯಾದ ಸಂಬಳ, ಇಬ್ಬರಿಗೂ ಕಾಯಂ ಹುದ್ದೆ. ಮಕ್ಕಳಿಗೆ ಮೊದಲ ದಿನದಿಂದಲೇ ಪೂರ್ತಿ ಭಾಷೆ ಸಿಗುತ್ತದೆ. ಪಕ್ಕದಲ್ಲಿರುವ ಶಿಕ್ಷಕರೂ ದಿನಾ ಕಲಿಯುತ್ತಾ ಹೋಗುತ್ತಾರೆ, ಯಾವ ಹತ್ತು ದಿನದ ಶಿಬಿರದಲ್ಲೂ ಸಿಗದಷ್ಟು. ಕಿವುಡ ಟೀಚರ್ ಒಬ್ಬರನ್ನು ಕಣ್ಣೆದುರು ಕಂಡ ಮಕ್ಕಳಿಗೆ, ಅವರ ಅಪ್ಪ ಅಮ್ಮನಿಗೆ, ಮುಂದೆ ಏನಾಗಬಹುದು ಎಂಬುದೂ ಕಾಣುತ್ತದೆ. ಖರ್ಚು ಜಾಸ್ತಿಯಾಗುತ್ತದೆ ಎಂಬ ಆಕ್ಷೇಪ ಬರುತ್ತದೆ, ಅದು ನಿಜವೂ ಹೌದು. ಆದರೆ ಒಂದು ಮಗುವನ್ನು ಹತ್ತು ವರ್ಷ ಶಾಲೆಯಲ್ಲಿ ಕೂರಿಸಿ ಓದಲು ಬಾರದೆ ಕಳಿಸುವುದಕ್ಕೂ ಸರ್ಕಾರ ಈಗ ಖರ್ಚು ಮಾಡುತ್ತಲೇ ಇದೆ.

ಇದರ ಜೊತೆಗೆ ಪರೀಕ್ಷೆಯ ವಿಧಾನ ಬದಲಾಗಬೇಕು. ಸಂಜ್ಞಾಭಾಷೆಯ ಬಗ್ಗೆ ಪ್ರಬಂಧ ಬರೆಸಿದರೆ ಟೀಚರ್‌ಗೆ ಆ ಭಾಷೆ ಬರುತ್ತದೋ ಇಲ್ಲವೋ ಗೊತ್ತಾಗುವುದಿಲ್ಲ. ಕಿವುಡರೊಬ್ಬರ ಜೊತೆ ಅರ್ಧ ಗಂಟೆ ಸಂಭಾಷಣೆ ಮಾಡಿಸಿ, ವಿಡಿಯೊ ತೆಗೆದು, ಕಿವುಡ ತಜ್ಞರಿಂದ ಅಂಕ ಹಾಕಿಸಿದರೆ ಗೊತ್ತಾಗುತ್ತದೆ. ಕಿವುಡರಿಗೆಂದೇ ಇರುವ ಅಮೆರಿಕದ ಗ್ಯಾಲೊಡೆಟ್ ವಿಶ್ವವಿದ್ಯಾಲಯ ಇಂಥ ಸಂದರ್ಶನ ಪರೀಕ್ಷೆ ನಡೆಸುತ್ತದೆ.

ಸುಪ್ರೀಂ ಕೋರ್ಟ್ ಆದೇಶದಿಂದ ಏನಾಗಬಹುದು?

2021ರಲ್ಲಿ ಸುಪ್ರೀಂ ಕೋರ್ಟ್ ವಿಶೇಷ ಶಿಕ್ಷಕರ ಅನುಪಾತ ನಿಗದಿ ಮಾಡಿ ಎಂದಿತ್ತು. 2022ರಲ್ಲಿ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ಬದಲಾಯಿತು. ಪ್ರಾಥಮಿಕ ಹಂತದಲ್ಲಿ ವಿಶೇಷ ಅಗತ್ಯವಿರುವ 10 ಮಕ್ಕಳಿಗೆ ಒಬ್ಬ, ಹಿರಿಯ ಪ್ರಾಥಮಿಕದಲ್ಲಿ 15 ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕ ಎಂದಾಯಿತು. 2025ರ ಆದೇಶ ಇದನ್ನು ಜಾರಿ ಮಾಡಿಸುವುದಕ್ಕೆ ಬಂದದ್ದು. ಅಪಾರ ಸಂಖ್ಯೆಯ ಹುದ್ದೆಗಳು ಸೃಷ್ಟಿಯಾಗಬೇಕು. ಸಂತೋಷದ ವಿಷಯವೇ.

ಆದರೆ ಈ ಅನುಪಾತ ಎಲ್ಲ ಬಗೆಯ ಅಂಗವೈಕಲ್ಯವನ್ನೂ ಒಟ್ಟಿಗೆ ಎಣಿಸುತ್ತದೆ. 2016ರ ಕಾಯ್ದೆಯ ಪಟ್ಟಿಯಲ್ಲಿ 21 ಬಗೆಗಳಿವೆ. ಒಂದು ಶಾಲೆಯಲ್ಲಿ ಅಂಥ 10 ಮಕ್ಕಳಿದ್ದು ಅವರಲ್ಲಿ ಒಬ್ಬರೇ ಕಿವುಡರಾಗಿದ್ದರೆ, ಅಲ್ಲಿಗೆ ಬರುವ ಶಿಕ್ಷಕರು ಬೌದ್ಧಿಕ ಅಂಗವೈಕಲ್ಯದ ತರಬೇತಿ ಪಡೆದವರಾಗಿರಬಹುದು. ಲೆಕ್ಕದಲ್ಲಿ ಹುದ್ದೆ ತುಂಬಿರುತ್ತದೆ. ಕಿವುಡ ಮಗುವಿಗೆ ಮಾತಾಡಲು ಯಾರೂ ಇರುವುದಿಲ್ಲ. ಉಳಿದ ಮಕ್ಕಳಿಗೆ ಸಮನ್ವಯ ಶಿಕ್ಷಣ ಎಂದರೆ ಪಕ್ಕದ ಶಾಲೆಯಲ್ಲಿ ಎಲ್ಲರ ಜೊತೆ ಕೂರುವುದು. ಕಿವುಡ ಮಗುವಿಗೆ ಜೊತೆ ಸಿಗಬೇಕಾದರೆ ಅದೇ ಭಾಷೆ ಆಡುವ ಮಕ್ಕಳು ಬೇಕು. ಆದ್ದರಿಂದ ತಾಲ್ಲೂಕಿಗೆ ಒಂದೋ ಎರಡೋ ಸಾಮಾನ್ಯ ಶಾಲೆಗಳನ್ನು ಆರಿಸಿ, ಸುತ್ತಲಿನ ಕಿವುಡ ಮಕ್ಕಳನ್ನು ಅಲ್ಲಿ ಸೇರಿಸಿ, ಸಂಜ್ಞಾಭಾಷೆಯ ಶಿಕ್ಷಕರನ್ನೂ ಅಲ್ಲೇ ಒಟ್ಟುಗೂಡಿಸುವ ಮಾದರಿಯನ್ನು ಯೋಚಿಸಬೇಕು. ಇರುವ ವಿಶೇಷ ಶಾಲೆಗಳನ್ನು ಮುಚ್ಚುವ ಆತುರವೂ ಬೇಡ. ಈ ಭಾಷೆ ಇಷ್ಟು ಕಾಲ ಬದುಕಿ ಉಳಿದದ್ದು ಅವುಗಳ ಹಾಸ್ಟೆಲ್‌ಗಳಲ್ಲೇ.

ಭಾಷಾ ವಿನಾಯಿತಿಯ ವಿಷಯವೂ ಇದರೊಂದಿಗೆ ಮತ್ತೆ ಚರ್ಚೆಗೆ ಬರಬೇಕು. ಸಿಬಿಎಸ್‌ಇಯಲ್ಲಿ ಶ್ರವಣದೋಷ ಇರುವ ಮಕ್ಕಳು ಎರಡರ ಬದಲು ಒಂದೇ ಭಾಷೆ ಓದಬಹುದು. ಕನಿಕರದಿಂದ ಕೊಟ್ಟ ರಿಯಾಯಿತಿ ಅದು. ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯಲ್ಲಿ (ಎನ್‌ಐಒಎಸ್) ಇರುವ ಹಾಗೆ ಬೇರೆ ಮಂಡಳಿಗಳಲ್ಲೂ ಸಂಜ್ಞಾಭಾಷೆ ಒಂದು ಭಾಷಾ ವಿಷಯವಾದರೆ ಮಗು ತಾನು ಬಲ್ಲ ಭಾಷೆಯಲ್ಲೇ ಅಂಕ ಗಳಿಸುತ್ತದೆ. ಆ ವಿಷಯ ಕಲಿಸಲು ಭಾಷಾ ಶಿಕ್ಷಕರ ಹುದ್ದೆ ಮಂಜೂರಾಗಲೇಬೇಕಾಗುತ್ತದೆ. ಕಿವುಡರಿಗೆ ಆ ಹುದ್ದೆ ಅತ್ಯಂತ ಸಹಜವಾಗಿ ಒಪ್ಪುತ್ತದೆ.

ರಾಜ್ಯಗಳು ನೇಮಕಾತಿ ನಿಯಮ ಪ್ರಕಟಿಸುವಾಗ ಹುದ್ದೆಗಳ ಸಂಖ್ಯೆಯೇ ದೊಡ್ಡ ಸುದ್ದಿಯಾಗುತ್ತದೆ. ಅದರ ಕೆಳಗಿನ ಅರ್ಹತೆಯ ಸಾಲುಗಳನ್ನೂ ಓದಬೇಕು. ಕಿವುಡ ಮಕ್ಕಳ ಹುದ್ದೆಗೆ ಸಂಜ್ಞಾಭಾಷೆಯ ಸಂಭಾಷಣೆ ಪರೀಕ್ಷೆ ಕಡ್ಡಾಯವೇ? ಸಂಜ್ಞಾಭಾಷಾ ಬೋಧನಾ ಡಿಪ್ಲೊಮಾ ಮಾಡಿದ ಕಿವುಡರು ಅರ್ಜಿ ಹಾಕಬಹುದೇ? ಅರ್ಹತಾ ಪರೀಕ್ಷೆ ಬರೆಯುವಾಗ ಅವರಿಗೆ ದುಭಾಷಿ ಸಿಗುತ್ತಾರೆಯೇ? ಈ ಮೂರಕ್ಕೂ ‘ಇಲ್ಲ’ ಎಂದೇ ಉತ್ತರ ಬಂದರೆ, ಹುದ್ದೆಗಳೆಲ್ಲ ಭರ್ತಿಯಾದ ಮೇಲೂ ಕಿವುಡ ಮಕ್ಕಳು ಹಲಗೆ ನೋಡಿ ನಕಲು ಮಾಡುತ್ತಲೇ ಇರುತ್ತಾರೆ. ಒಂದಕ್ಕಾದರೂ ‘ಹೌದು’ ಎಂದು ಬರೆಸಬೇಕಾದರೆ ಕಿವುಡರ ಸಂಘಟನೆಗಳು ಮತ್ತು ತಂದೆತಾಯಿ ಕರಡು ನಿಯಮಕ್ಕೆ ಆಕ್ಷೇಪಣೆ ಸಲ್ಲಿಸುವ ಹಂತದಲ್ಲೇ ಕೇಳಬೇಕು. ನಿಯಮ ಅಂತಿಮವಾಗಿ ಗೆಜೆಟ್‌ನಲ್ಲಿ ಬಂದ ಮೇಲೆ ತಿದ್ದಿಸಲು ಮತ್ತೆ ಕೋರ್ಟ್ ಮೆಟ್ಟಿಲು ಹತ್ತಬೇಕಾಗುತ್ತದೆ.